ಮರೆಸುವ ದ್ಯಾವಮ್ಮನವರು

ನಮ್ಮೂರಿನ ದ್ಯಾವಮ್ಮನವರು ಎಳೆಯ ಮಕ್ಕಳಿಗೆ ತಾಯಿಯನ್ನು ಮರೆಸುವ ಕೆಲಸದಲ್ಲಿ ನುರಿತವರಾಗಿದ್ದರು ಎಂಬ ಸಂಗತಿಯನ್ನು ಮೊದಲಿಗೇ ಓದುಗರ ಅವಗಾಹನೆಗೆ ತರಬಯಸುತ್ತೇನೆ. ಬೇರಿಕೆಯ ಸುತ್ತಿನ ಹಳ್ಳಿಗಳಲ್ಲಿ ಬಾಣಂತಿ ತೀರಿಕೊಂಡರೆ, ಇಲ್ಲವೇ ಮೊಲೆ ಬಿಡಿಸಬೇಕಾಗಿ ಬಂದರೆ, ಅವರಿಗೆ ಕರೆ ಹೋಗುತ್ತಿತ್ತು. ಎತ್ತರದ ಆಳು, ದನಿ ಮಾತ್ರ ಬಹಳ ಮೆದು. ಅವರು ಮಕ್ಕಳನ್ನು ಮುದ್ದಾಡಿದ್ದನ್ನು ನಾನು ಕಂಡಿಲ್ಲ. ಮಕ್ಕಳು ಅವರ ಸೊಂಟ ಬಿಟ್ಟು ತಾವಾಗಿ ಇಳಿದದ್ದನ್ನೂ ಕಂಡಿಲ್ಲ.

ಕೆಲಸ ಒಪ್ಪಿಕೊಳ್ಳುವ ಮೊದಲು ಅವರು ಮಗುವನ್ನು ಪರೀಕ್ಷಿಸುತ್ತಿದ್ದರು. ರೊಟ್ಟಿಯ ಚೂರೊಂದನ್ನು ತೋರಿಸಿ, ಅದರ ಕಣ್ಣೆದುರಿಗೇ ಮೊರದ ಕೆಳಗೆ ಇಟ್ಟು, ಸುಮ್ಮನೆ ಕೂರುವರು. ಮಗು ಬೇರೆ ಕಡೆ ತಿರುಗಿದರೆ, "ಇನ್ನೂ ನೆಪ್ಪು ಹುಟ್ಟಿಲ್ಲ. ಒಂದು ಸಂತೆ ಸಾಕು" ಎನ್ನುವರು. ಮೊರ ಎತ್ತಿ ಹುಡುಕಿದರೆ, "ಹುಟ್ಬುಟ್ಟೈತೆ. ಮೂರು ಸಂತೆ ಅಳ್ತದೆ" ಎನ್ನುವರು. ಅವರ ಎಣಿಕೆಯಲ್ಲಿ ವಾರವೆಂದರೆ ಸಂತೆ.

ಎಪ್ಪತ್ತರ ದಶಕದಲ್ಲಿ, ನನಗೆ ಹತ್ತು ವರ್ಷವಾಗಿದ್ದಾಗ, ನಮ್ಮ ತಾಯಿಯವರನ್ನು ಕ್ಷಯದ ಆಸ್ಪತ್ರೆಗೆ ಸೇರಿಸಲಾಯಿತು. ಬದುಕುವ ಭರವಸೆಯನ್ನು ಯಾರೂ ಕೊಡಲಿಲ್ಲ. ತಮ್ಮ ಮುನಿರಾಜನಿಗೆ ಆಗ ಹದಿಮೂರು ತಿಂಗಳು. ಬರುತ್ತಿದ್ದ ಮಾತು ಮೂರೇ: ಅವ್ವ, ಕಾಕಾ, ತಾ. ಅವನು ಬಾಗಿಲ ಕಡೆ ಕೈ ತೋರಿಸಿ ಮೊದಲನೆಯದನ್ನೇ ಹೇಳುತ್ತಿದ್ದುದನ್ನು ತಾಳಲಾರದೆ, ತಂದೆಯ ತಾಯಿಯಾದ ನಮ್ಮ ಅಜ್ಜಿ, ದ್ಯಾವಮ್ಮನವರನ್ನು ಕರೆಸಿದರು. ತಮ್ಮ ತಡಮಾಡದೆ ಮೊರ ಎತ್ತಿದ.

ದ್ಯಾವಮ್ಮನವರು ತೊಟ್ಟಿಲಲ್ಲಿದ್ದ ತಾಯಿಯ ಹಳೆಯ ಸೀರೆಯನ್ನು ಸೋಡಾ ಹಾಕಿ ಬೇಯಿಸಿದರು. ತೊಟ್ಟಿಲನ್ನು ಕೊಟ್ಟಿಗೆಯ ಪಕ್ಕಕ್ಕೆ ಕಟ್ಟಿಸಿದರು. ಅವನು "ಅವ್ವ" ಎಂದಾಗಲೆಲ್ಲ ಅಜ್ಜಿ ಎದುರಿಗೆ ಬಂದು ಬಾಯಿಗೆ ಬೆಲ್ಲ ಇಡತಕ್ಕದ್ದು. ಮನೆಯ ಬೇರೆ ಯಾರೂ ಸದರಿ ಮಾತನ್ನು ಆಡತಕ್ಕದ್ದಲ್ಲ. ಎರಡನೆಯ ವಾರ ನಾನು ತಡೆಯಲಾರದೆ ಅವನ ಕಿವಿಯಲ್ಲಿ "ಅವ್ವ ಬತ್ತಾಳೆ" ಎಂದೆ. ಅವನು ಬಾಗಿಲಿಗೆ ಅಂಬೆಗಾಲಿಕ್ಕಿ ಹೋಗಿ, ಹೊತ್ತು ಮುಳುಗುವವರೆಗೂ ಅತ್ತ. ದ್ಯಾವಮ್ಮನವರು ನನ್ನನ್ನು ಹೊಡೆಯಲಿಲ್ಲ. ಪಕ್ಕದಲ್ಲಿ ಕೂರಿಸಿಕೊಂಡು ಆ ಅಳುವನ್ನು ಪೂರ್ತಿ ಕೇಳಿಸಿದರು.

"ನೋಡಮ್ಮಿ, ನಿನ್ ಪ್ರೀತಿಗೆ ಅದು ಇನ್ನೊಂದು ಸಂತೆ ಅಳ್ಬೇಕು."

ನಾಲ್ಕನೆಯ ಸಂತೆಗೆ ಅಜ್ಜಿಯೇ ಅವ್ವನಾದರು.

ಒಂಬತ್ತು ತಿಂಗಳ ತರುವಾಯ ತಾಯಿಯವರು ಗುಣ ಹೊಂದಿ ಬಂದರು. ಕೈ ಚಾಚಿದರೆ ಮುನಿರಾಜ ಅಜ್ಜಿಯ ಸೆರಗಿನಲ್ಲಿ ಮುಖ ಹುದುಗಿಸಿ ಅರಚಿದ. ಒಂದು ತಿಂಗಳು ಕಳೆದರೂ ಹಾಗೆಯೇ. ತಾಯಿ ನನ್ನನ್ನು ಜೊತೆಗೆ ಕರೆದುಕೊಂಡು ದ್ಯಾವಮ್ಮನವರ ಮನೆಗೆ ಹೋದರು.

"ಕಿತ್ಕೊಂಡಿದ್ದು ನೀನು. ವಾಪಸ್ ಕೊಡು."

"ನೆಪ್ಪು ಮಾಡ್ಸೋ ಇದ್ಯೆ ನಂಗೆ ಬರಾಕಿಲ್ಲ ಕಣಮ್ಮಿ. ಮರ್ಸೋದೊಂದೇ ಬರೋದು."

"ಅಂಗಾದ್ರೆ ನಮ್ಮತ್ತೇನ ಮರ್ಸು."

"ಮಾತು ಬಂದಿರೋ ಮಗ. ಆರು ಸಂತೆ ಆಯ್ತದೆ. ಮುದುಕಿ ಮನೇಲಿರ್ಬಾರ್ದು."

"ಇರಾಕಿಲ್ಲ."

ಅಜ್ಜಿ ವಾದ ಮಾಡಲಿಲ್ಲ. "ಅವುಳ್ನ ಮನೆಗೆ ಕರ್ದಿದ್ದು ನಾನೇ ಅಲ್ವಾ" ಎಂದು ಸೀರೆಗಳನ್ನು ಗಂಟು ಕಟ್ಟಿಕೊಂಡು ಕೆಲಮಂಗಲದ ಚಿಕ್ಕಪ್ಪನ ಮನೆಗೆ ಹೋದರು. ಮುನಿರಾಜ ಬಾಗಿಲಲ್ಲಿ ಕೂತು "ಅವ್ವ ಎಲ್ಲಿ" ಎಂದು ಕೇಳತೊಡಗಿದ. ಈ ಸಲ ನಾನು ಅವನ ಕಿವಿಯಲ್ಲಿ ಏನನ್ನೂ ಹೇಳಲಿಲ್ಲ.

ಎರಡು ತಿಂಗಳಾದ ಮೇಲೆ ಅಜ್ಜಿ ಯಾರಿಗೂ ತಿಳಿಸದೆ ಬಸ್ಸಿನಲ್ಲಿ ಬಂದಿಳಿದರು. ತಾವು ಮರೆಸಿದ್ದು ಮರೆತೇ ಉಳಿದಿದೆಯೋ ಇಲ್ಲವೋ ಎಂದು ನೋಡಲು ಬಂದಿದ್ದ ದ್ಯಾವಮ್ಮನವರು ಆಗ ಜಗಲಿಯ ಮೇಲಿದ್ದರು. ಎದ್ದು ಹೋಗಿ ಅಡ್ಡ ನಿಂತರು.

"ಬಾಯ್ ಬಿಡ್ಬೇಡ ಕಣಕ್ಕ. ಮೊಕ ಮರ್ತೈತೆ, ದನಿ ಇನ್ನೂ ಮರ್ತಿರಾಕಿಲ್ಲ. ಕೇಳ್ತು ಅಂದ್ರೆ ಮೊದ್ಲಿಂದ ಅಳ್ತದೆ."

ತೆರೆಯಲಿದ್ದ ಬಾಯನ್ನು ಅಜ್ಜಿ ಮುಚ್ಚಿಕೊಂಡರು. ಮುನಿರಾಜ ತಾಯಿಯ ಸೊಂಟದಿಂದ ಬಗ್ಗಿ ನೋಡಿದ.

"ಯಾರವ್ವ ಅದು?"

"ಯಾರೋ" ಎಂದರು ತಾಯಿ.

ಅಜ್ಜಿ ಹೌದೆಂಬಂತೆ ತಲೆಯಾಡಿಸಿ, ತಂದಿದ್ದ ಕಡ್ಲೆಪುರಿಯ ಪೊಟ್ಟಣವನ್ನು ಜಗಲಿಯ ಮೇಲಿಟ್ಟರು. ಆ ಮಳೆಗಾಲದಲ್ಲೇ ತೀರಿಕೊಂಡ ದ್ಯಾವಮ್ಮನವರನ್ನು ನಾನು ಕಡೆಯದಾಗಿ ಕಂಡದ್ದು ಅಂದೇ: ಅಜ್ಜಿಯ ಮೊಣಕೈ ಹಿಡಿದು, ಎಡವದಂತೆ ನಡೆಸಿಕೊಂಡು, ಅವರನ್ನು ಬಸ್ಸಿಗೆ ಹತ್ತಿಸಲು ಹೋಗುತ್ತಿದ್ದರು. ಬೀದಿ ತಿರುಗುವವರೆಗೂ ಇಬ್ಬರೂ ಮಾತಾಡಲಿಲ್ಲ.