ಕ್ರಿಸ್ಪಿನಾಳ ದುಂಡು ಸಾಕೆಟ್

ಕ್ರಿಸ್ಪಿನಾಗೆ ಸ್ವಂತ ಮೀಟರು ಬೇಕಾದದ್ದು ದೀಪಕ್ಕಲ್ಲ, ಫ್ಯಾನಿಗೂ ಅಲ್ಲ, ಬಾಯಿಬಿಟ್ಟು ಜಗಳವಾಡುವುದಕ್ಕೆ. ಇದು ನನ್ನ ಊಹೆಯಲ್ಲ. ನನ್ನ ಹಾರ್ಡ್‌ವೇರ್ ಅಂಗಡಿಯ ಮೇಜಿಗೆ ಮೊಣಕೈ ಊರಿ ಅವಳೇ ಹೇಳಿದ್ದು.

ಗಂಡ ತೀರಿಕೊಂಡ ಮೇಲೆ ಅವಳು ಅವನ ಅಕ್ಕ ಬಸಿಲಿಸಾಳ ಹಿತ್ತಲಿನ ಪುಟ್ಟ ಮನೆಗೆ ಬಂದಳು. ಕರೆಂಟೂ ಬಸಿಲಿಸಾಳ ಮೀಟರಿನಿಂದಲೇ. ಕಿತ್ತಳೆ ಬಣ್ಣದ ವೈರೊಂದು ಪಪ್ಪಾಯಿ ಮರ ದಾಟಿ ಇವಳ ಕಿಟಕಿಗೆ ಇಳಿಯುತ್ತಿತ್ತು. ಅದರ ಜೊತೆಗೆ ಬಸಿಲಿಸಾಳ ಹಾಡೂ ಬರುತ್ತಿತ್ತು. ಸಂಜೆಯಾಯಿತೆಂದರೆ ಆಕೆ ಕರೋಕೆ ಯಂತ್ರ ಹಚ್ಚಿ ಮೈಕು ಹಿಡಿಯುವಳು. ನಮ್ಮ ಇಲೊಯಿಲೊ ಪ್ರಾಂತ್ಯದ ಕಡೆ ಹಾಡಲು ಬಾರದವರೇ ಕಡಿಮೆ. ಆ ಕೊರತೆಯನ್ನೆಲ್ಲ ಈ ಮಹಾತಾಯಿ ಒಬ್ಬಳೇ ತುಂಬಿಕೊಟ್ಟಿದ್ದಳು. ಹಾಡು ಮುಗಿದ ಕೂಡಲೇ ಬೇಲಿಯಾಚೆ ಕ್ರಿಸ್ಪಿನಾ ಚಪ್ಪಾಳೆ ತಟ್ಟುತ್ತಿದ್ದಳು.

“ತಟ್ಟದಿದ್ರೆ ಏನು ಗಂಟು ಹೋಗುತ್ತೆ?” ಅಂದೆ.

“ವೈರು ಕೀಳ್ತಾಳೆ, ನೊಂಗ್!” ನಮ್ಮೂರಿನ ಕಿರಿಯರಿಗೆಲ್ಲ ನಾನು ನೊಂಗ್, ಅಣ್ಣ. “ಒಂದ್ಸಲ ಅವಳ ಮೀನಿನ ಸಾರಿಗೆ ಉಪ್ಪು ಜಾಸ್ತಿ ಅಂದೆ. ಮಾತಿನ್ನೂ ಬಾಯಲ್ಲೇ ಇತ್ತು, ದೀಪ ಹೋಯ್ತು.”

“ಅವತ್ತು ಊರಿಗೂರೇ ಕತ್ತಲಾಗಿತ್ತಲ್ಲೇ ಮಾರಾಯ್ತಿ!”

“ನೋಡಿ ಮತ್ತೆ, ಅವಳ ಸಿಟ್ಟು ಎಷ್ಟು ದೊಡ್ಡದು!”

ಕೋಣನ ಮುಂದೆ ಕಿನ್ನರಿ ಬಾರಿಸಿ ನನಗೇನಾಗಬೇಕು? ಸಾಮಾನು ತೋರಿಸಿದೆ. ನಮ್ಮಲ್ಲಿ ಮೀಟರು ಕರೆಂಟಿನವರದು, ಅದನ್ನು ಒತ್ತಿ ಕೂರಿಸುವ ಸಾಕೆಟ್ ಮಾತ್ರ ಮನೆಯವರು ಕೊಂಡು ಗೋಡೆಗೆ ಬಡಿಸಬೇಕು. ಒಂದು ಚೌಕದ ತಗಡಿನ ಪೆಟ್ಟಿಗೆ, ಒಂದು ದುಂಡಗಿನದು, ಎರಡನ್ನೂ ಮುಂದಿಟ್ಟೆ.

“ಹೊಸ ಮೀಟರಿಗೆ ಚೌಕದ್ದೇ ಆಗ್ಬೇಕು. ಮಳೆನೀರು ಒಳಗೆ ಹೋಗಲ್ಲ. ದುಂಡಗಿಂದು ಹಳೇ ಮನೆಗಳ ರಿಪೇರಿಗೆ ಅಷ್ಟೆ.”

ಅವಳು ಆಗಲೇ ದುಂಡನೆಯದನ್ನು ಮಗುವಿನಂತೆ ಎತ್ತಿಕೊಂಡಿದ್ದಳು. “ಹೊಸ ವರ್ಷದ ದಿನ ಮೇಜಿನ ಮೇಲೆ ಚೌಕದ ಹಣ್ಣು ಇಡ್ತೀರಾ ನೀವು? ದ್ರಾಕ್ಷಿ, ಕಿತ್ತಳೆ, ಅಂಗಿ ಮೇಲಿನ ಚುಕ್ಕಿ, ಎಲ್ಲಾ ದುಂಡಗಿದ್ರೇನೇ ಅದೃಷ್ಟ ಉರುಳಿ ಬರೋದು. ಚೌಕ ತಂದಿಟ್ರೆ ಅದೃಷ್ಟ ಮೂಲೇಲಿ ಸಿಕ್ಕಾಕೊಂಡು ಕೂತುಬಿಡುತ್ತೆ.”

ಹೇಳುವಷ್ಟು ಹೇಳಿದೆ, ಕೇಳಲಿಲ್ಲ, ಕೊಟ್ಟೆ. ತೀರ್ಥ ಚಿಮುಕಿಸಿ ಮನೆ ಹರಸಲು ಪಾದ್ರಿಗಳು ಬಂದಾಗ ಅವಳು ಸಾಕೆಟ್ಟಿನ ಮುಚ್ಚಳ ತೆಗೆದು, “ಇದಕ್ಕೂ ಫಾದರ್, ಒಳಗಡೆಗೂ,” ಅಂದಳಂತೆ. ನಮ್ಮ ಪಾದ್ರಿಗಳದು ಧಾರಾಳ ಕೈ.

ಆಮೇಲೆ ಕರೆಂಟಿನ ಕಚೇರಿಯ ತಪಾಸಣೆಯವನು ಬಂದ. ಮೋಟಾರ್‌ಸೈಕಲ್ಲಿನಿಂದ ಇಳಿಯಲೂ ಇಲ್ಲ.

“ದುಂಡಗಿದೆ,” ಅಂದ.

“ಹೌದು, ಚೆನ್ನಾಗಿದೆ ಅಲ್ವಾ?”

“ಚೌಕದ್ದು ಹಾಕ್ಸಿ,” ಅಂದವನೇ ಹೊರಟುಹೋದ.

ಕ್ರಿಸ್ಪಿನಾ ಅದನ್ನು ಕಿತ್ತು ತಂದು ನನ್ನೆದುರು ಕುಕ್ಕಿದಳು. ಒಳಗೆ ನೋಡಿದರೆ ತಾಮ್ರದ ಹಲ್ಲುಗಳಿಗೆಲ್ಲ ಹಸಿರು ಕಿಲುಬು.

“ನೀರು ಬಿದ್ದಿದೆ. ವಾಪಸ್ ತಗೊಳ್ಳಲ್ಲ.”

“ಅದು ನೀರಲ್ಲ, ತೀರ್ಥ!”

“ತೀರ್ಥ ಬಿದ್ರೂ ತಾಮ್ರ ಕಿಲುಬು ಹಿಡಿಯುತ್ತೆ ಕಣಮ್ಮ!”

“ಪಾಪಿ! ಚರ್ಚಲ್ಲಿ ಮುಂದಿನ ಸಾಲಲ್ಲಿ ಕೂರ್ತೀರಲ್ಲ, ನಾಚಿಕೆ ಆಗಲ್ವಾ?”

ನನ್ನ ಪಿತ್ತ ನೆತ್ತಿಗೇರಿತು. ನಾನೂ ಕೂಗಿದೆ. ಆಗ ಅವಳು ಸಿಮೆಂಟು ಮೂಟೆಯ ಮೇಲೆ ಕುಸಿದು ಅಳತೊಡಗಿದಳು. “ನಮ್ಮವರು ಹೋದ್ಮೇಲೆ ಮನಸಲ್ಲಿದ್ದ ಒಂದು ಮಾತೂ ಆಡಿಲ್ಲ, ನೊಂಗ್. ದೀಪ ಹೋಗುತ್ತೇನೋ ಅಂತ ಹಲ್ಲು ಕಿರಿದು ಕಿರಿದು ದವಡೆ ನೋಯ್ತಿದೆ.”

ಬದಲಾಯಿಸಿ ಚೌಕದ್ದನ್ನೇ ಕೊಟ್ಟೆ. ಆ ದುಂಡನೆಯದು ಈಗ ನನ್ನ ಅಂಗಡಿ ಬಾಗಿಲ ಮೇಲಿದೆ. ಅದೃಷ್ಟ ಬಂದಿಲ್ಲ, ಗುಬ್ಬಿ ಬಂದಿದೆ.

ಕೊನೆಗೂ ಮೀಟರು ಕೂತಿತು. ಕಿತ್ತಳೆ ವೈರನ್ನು ಕ್ರಿಸ್ಪಿನಾ ಕೈಯಾರೆ ಸುತ್ತಿಟ್ಟಳು. ಆ ಸಂಜೆ ಅವಳು ಸೊಂಟಕ್ಕೆ ಕೈಕೊಟ್ಟು ಬೇಲಿ ಬಳಿ ನಿಂತಳು. ಇಂಥ ತಮಾಷೆ ಬಿಡುವುದುಂಟೇ? ಅಂಗಡಿ ಮುಚ್ಚಿ ನಾನೂ ಹೋದೆ. ಎಷ್ಟು ಹೊತ್ತು ಕಾದರೂ ಹಾಡಿನ ಸುಳಿವಿಲ್ಲ.

“ಮಾನಾಂಗ್!” ಎಂದು ಗದರಿದಳು. ಅಕ್ಕ ಎನ್ನಲು ನಮ್ಮ ಮಾತು ಅದು. “ಇವತ್ತೇನು ಹಾಡೇ ಇಲ್ಲ?”

ಬಸಿಲಿಸಾ ಶುಂಠಿ ಕಷಾಯದ ಲೋಟ ಹಿಡಿದು ಹೊರಗೆ ಬಂದಳು. “ಇನ್ಯಾಕೆ ಹಾಡ್ಲಿ ಕಣೇ? ನೀನು ಬಂದ ಹೊಸದ್ರಲ್ಲಿ ಗೋಡೆ ನೋಡ್ಕೊಂಡು ಅಳ್ತಾ ಕೂರ್ತಿದ್ದೆ. ಒಂದಿನ ಹಾಡ್ದೆ, ನೀನು ಚಪ್ಪಾಳೆ ತಟ್ದೆ. ಚಪ್ಪಾಳೆ ಕೇಳಿಸಿದ್ರೆ ಅಳ್ತಿಲ್ಲ ಅಂತ ನನಗೆ ಸಮಾಧಾನ. ಅದಕ್ಕೇ ಇಷ್ಟು ವರ್ಷ ಗಂಟಲು ಹರ್ಕೊಂಡೆ. ಈಗ ನಿಂಗೆ ನಿಂದೇ ದೀಪ ಬಂತಲ್ಲ.”

ಕ್ರಿಸ್ಪಿನಾಳ ಕಣ್ಣು ತುಂಬಿ ಬಂತು. ಆದರೆ ಕೂಡಿಟ್ಟ ಮಾತು ಸುಮ್ಮನಿರುತ್ತದೆಯೇ?

“ನಿನ್ನ ಹಾಡು ತಳಹಿಡಿದ ಪಾತ್ರೆ ಕೆರೆದ ಹಾಗಿರುತ್ತೆ, ಮಾನಾಂಗ್!”

“ಏನಂದೆ?”

“ಸಾರಿಗೂ ಉಪ್ಪು ಜಾಸ್ತಿ!”

“ನಿನ್ನ ಚಪ್ಪಾಳೆಗೆ ತಾಳ ಇತ್ತೇನೇ? ಹಾಡು ಮುಗೀತು ಅಂದ್ಕೊಂಡು ನಡುವೇನೇ ತಟ್ಟಿ ಎಷ್ಟು ಸಲ ನನಗೆ ಪದ ಮರೆಸಿದೀಯ!”

ಅಬ್ಬಬ್ಬಾ, ಜಗಳ ಅಂದರೆ ಜಗಳ! ಇಬ್ಬರ ಮುಖವೂ ಅರಳಿತ್ತು. ಅಷ್ಟರಲ್ಲಿ ಫಕ್ಕನೆ ಕರೆಂಟು ಹೋಯಿತು. ಇವಳ ಮನೆ, ಅವಳ ಮನೆ, ಬೀದಿ, ಚರ್ಚು, ಇಡೀ ಊರು ಕತ್ತಲು.

“ನೋಡಿದ್ರಾ, ನೊಂಗ್!” ಎಂದಳು ಕ್ರಿಸ್ಪಿನಾ, ಗೆದ್ದ ದನಿಯಲ್ಲಿ.

ನಾನು ಹಣೆ ಚಚ್ಚಿಕೊಂಡೆ. ಕತ್ತಲಲ್ಲಿ ಯಾರೋ ಮೂಗು ಒರೆಸಿಕೊಂಡ ಸದ್ದಾಯಿತು. ಸ್ವಲ್ಪ ಹೊತ್ತಿಗೆ ಬಸಿಲಿಸಾ ಮೈಕಿಲ್ಲದೆ, ಬರಿಗಂಟಲಲ್ಲಿ ಹಾಡತೊಡಗಿದಳು. ಕೇಳಲಾಗದಷ್ಟು ಕೆಟ್ಟದಾಗಿತ್ತು. ಹಾಡು ಮುಗಿಯಿತು. ಬೇಲಿಯ ಈಚೆಯಿಂದ ಕ್ರಿಸ್ಪಿನಾ ಚಪ್ಪಾಳೆ ತಟ್ಟಿದಳು.