ನಿಂತಲ್ಲೇ ಓಡಿದ ಕಾರು

ನನ್ನ ಗಂಡನ ಅಣ್ಣನಿಗೆ, ಅಂದರೆ ನನ್ನ ಭಾವನಿಗೆ, ಬೀದಿಯವರು ಇಟ್ಟ ಹೆಸರು ‘ಯಾಕಪ್ಪ’. ಹೆತ್ತವರು ಇಟ್ಟ ಹೆಸರು ಬೇರೆಯೇ ಇದೆ. ಆದರೆ ಅದನ್ನು ಹಿಡಿದು ಕೂಗಿದರೆ ಅವರೇ ತಿರುಗಿ ನೋಡುವುದಿಲ್ಲ. ಸ್ಕ್ರೂ ಸಡಿಲವಾದರೂ ಯಾಕಪ್ಪ, ಮಳೆ ಬಂದರೂ ಯಾಕಪ್ಪ, ಗಿರಾಕಿ ಖುಷಿಯಾಗಿ ನಕ್ಕರೂ ಯಾಕಪ್ಪ. ಏಳನೇ ವಯಸ್ಸಿನಲ್ಲಿ ಮನೆಯ ಗೋಡೆ ಗಡಿಯಾರವನ್ನು ಬಿಚ್ಚಿ ನೆಲದ ಮೇಲೆ ಹರಡಿಕೊಂಡು ಕೂತಿದ್ದರಂತೆ. ಏನೋ ಇದು ಎಂದು ಅತ್ತೆ ಗದರಿದರೆ, “ಮನೇಲಿ ಯಾರೂ ಇಲ್ದಾಗ್ಲೂ ಓಡುತ್ತಲ್ಲ, ಯಾಕೆ?” ಎಂದರಂತೆ. ಅತ್ತೆ ಕೊಟ್ಟ ಏಟು ಇನ್ನೂ ನೆನಪಿದೆಯಂತೆ, ಉತ್ತರ ಮಾತ್ರ ಇವತ್ತಿಗೂ ಸಿಕ್ಕಿಲ್ಲ.

ನಮ್ಮದು ಎರಡೇ ಎರಡು ಕಾರು ಹಿಡಿಯುವ ಗ್ಯಾರೇಜು. ಮೂರನೆಯದು ಬಂದರೆ ರಸ್ತೆಗೆ ಬಾಲ ಚಾಚಿಕೊಂಡು ನಿಲ್ಲುತ್ತದೆ. ಹೊಗೆ ಪರೀಕ್ಷೆಯ ಕೇಂದ್ರ ಇಲ್ಲಿಂದ ಎರಡು ಕಿಲೋಮೀಟರು. ಅಲ್ಲಿ ಫೇಲಾದವು ಮೊದಲು ನಮ್ಮ ಬಾಗಿಲಿಗೇ ಬರುತ್ತವೆ. ಬೇರೆ ಮೆಕ್ಯಾನಿಕ್‌ಗಳು ಸ್ಕ್ಯಾನರ್ ಚುಚ್ಚಿ, ಅದು ಹೇಳಿದ ಭಾಗ ಬದಲಾಯಿಸಿ, ಒಂದು ಗಂಟೆಯಲ್ಲಿ ಕಳಿಸುತ್ತಾರೆ. ನಮ್ಮ ಭಾವ ಹಾಗಲ್ಲ. ಮೊದಲು ಡ್ರೈವರ್ ಸೀಟಿನಲ್ಲಿ ಐದು ನಿಮಿಷ ಸುಮ್ಮನೆ ಕೂರುತ್ತಾರೆ, ಎಂಜಿನ್ ಕೂಡ ಹಾಕುವುದಿಲ್ಲ. ಸೀಟು ಎಷ್ಟು ಹಿಂದಿದೆ, ಕನ್ನಡಿ ಯಾವ ಕಡೆ ತಿರುಗಿದೆ, ಯಾವ ಪೆಡಲ್ ಸವೆದಿದೆ ಎಂದು ನೋಡುತ್ತಾರೆ. “ಸ್ಕ್ಯಾನರ್ ಏನಾಗಿದೆ ಅಂತ ಹೇಳುತ್ತೆ, ಯಾಕಾಯ್ತು ಅಂತ ಹೇಳಲ್ಲಮ್ಮ” ಎನ್ನುತ್ತಾರೆ. ಕೌಂಟರಿನಲ್ಲಿ ಕೂತು ಗಿರಾಕಿಗಳ ಬಾಯಿಗೆ ಸಿಕ್ಕುವವಳು ನಾನು. ಆ ಐದು ನಿಮಿಷ ನನಗೆ ಮೈಯೆಲ್ಲ ಉರಿಯುತ್ತದೆ.

ಗುಮಾಸ್ತರು ಬಂದದ್ದು ಅಂಥ ಒಂದು ಉರಿಯ ದಿನವೇ. ಶಾಲೆಯ ಗುಮಾಸ್ತರು, ಐವತ್ತು ದಾಟಿದ ಮನುಷ್ಯ, ಇಸ್ತ್ರಿ ಮಾಡಿದ ಅಂಗಿ, ಮಾತು ಕಮ್ಮಿ. ಅವರ ಹಳೆಯ ಬೂದು ಬಣ್ಣದ ಕಾರು ಹೊಗೆ ಪರೀಕ್ಷೆಯಲ್ಲಿ ಫೇಲಾಗಿತ್ತು. ಮೂರು ಅವಕಾಶ ಕೊಡುತ್ತಾರೆ. ಮೂರನೆಯದೂ ಹೋದರೆ ನಂಬರ್ ಪ್ಲೇಟ್ ಬಿಚ್ಚಿ ಒಪ್ಪಿಸಬೇಕು, ಕಾರು ಗುಜರಿಗೆ.

“ಇಷ್ಟು ಹಳೇ ಗಾಡಿಗೆ ಯಾಕ್ ಸಾರ್ ಒದ್ದಾಡ್ತೀರಿ? ಶಾಲೆ ಮನೆ ಹಿಂದೇನೇ ಇದೆ ಅಂತೀರಿ. ಗುಜರಿಗೆ ಹಾಕ್ಬಿಡಿ” ಎಂದೆ.

“ಈ ಕಾರು ಹೋದ್ರೆ ನಮ್ಮನೆ ನಡೆಯಲ್ಲಮ್ಮ” ಎಂದರು, ಅಷ್ಟೇ. ಕಾರಿನ ಕೆಳಗೆ ಮಲಗಿದ್ದ ಭಾವ ಕತ್ತು ಹೊರಗೆ ಹಾಕಿದರು.

ಎಂಜಿನ್ನಿಗೆ ಕಿಡಿ ಹಚ್ಚುವ ಪ್ಲಗ್‌ಗಳು ಮಸಿ ಹಿಡಿದಿದ್ದವು. ಭಾವ ಹೊಸವನ್ನು ಹಾಕಿದರು, ಏರ್ ಫಿಲ್ಟರ್ ಬದಲಾಯಿಸಿದರು, ನಮ್ಮ ಮಷೀನಿನಲ್ಲಿ ಹೊಗೆ ಅಳೆದರು. ಪಾಸು. ಪರೀಕ್ಷೆಗೆ ಎರಡು ವಾರದ ನಂತರದ ದಿನ ಸಿಕ್ಕಿತ್ತು. ಹದಿನಾರನೇ ದಿನ ಕಾರು ಮತ್ತೆ ನಮ್ಮ ಬಾಗಿಲಲ್ಲಿತ್ತು. ಎರಡನೇ ಸಲವೂ ಫೇಲು. ಕೊನೆಯ ಅವಕಾಶಕ್ಕೆ ಉಳಿದದ್ದು ಎರಡೇ ದಿನ.

ಭಾವನ ಮುಖ ನೋಡಬೇಕಿತ್ತು. ಬೇರೆಯವರಾಗಿದ್ದರೆ ಅವಮಾನದಿಂದ ಸಪ್ಪಗಾಗುತ್ತಿದ್ದರು. ಇವರ ಕಣ್ಣು ಅರಳಿತ್ತು. ಪ್ಲಗ್ ಬಿಚ್ಚಿ ಅಂಗೈಯಲ್ಲಿ ಇಟ್ಟುಕೊಂಡರು. ಹದಿನಾರು ದಿನದ ಪ್ಲಗ್ಗು, ಸುಟ್ಟ ಬತ್ತಿಯ ಹಾಗೆ ಕಪ್ಪು. ಆಯಿಲ್ ಕಡ್ಡಿ ಎಳೆದು ಮೂಸಿದರು, ನನ್ನ ಮೂಗಿಗೂ ಹಿಡಿದರು. ಆಯಿಲ್‌ನಲ್ಲಿ ಪೆಟ್ರೋಲ್ ವಾಸನೆ.

“ಹೋದ ಸಲದ ಚೀಟಿ ತೆಗಿಯಮ್ಮ. ಮೀಟರ್ ಎಷ್ಟಿತ್ತು?”

ತೆಗೆದೆ. ನೋಡಿ ನಾನೇ ಪೆಚ್ಚಾದೆ. ಹದಿನಾರು ದಿನದಲ್ಲಿ ಕಾರು ಓಡಿದ್ದು ಆರು ಕಿಲೋಮೀಟರು. ನಮ್ಮಲ್ಲಿಂದ ಅವರ ಮನೆಗೆ, ಅಲ್ಲಿಂದ ಪರೀಕ್ಷೆಗೆ, ಅಲ್ಲಿಂದ ಇಲ್ಲಿಗೆ. ಅಷ್ಟಕ್ಕೇ ಸರಿಹೋಯಿತು. ಆದರೆ ಕಳಿಸುವಾಗ ಟ್ಯಾಂಕು ಅರ್ಧ ಇದೆ ಎಂದು ನನ್ನದೇ ಕೈಬರಹ ಹೇಳುತ್ತಿತ್ತು. ಈಗ ಮುಳ್ಳು ತಳದಲ್ಲಿ ಮಲಗಿತ್ತು.

“ಯಾರೋ ಪೆಟ್ರೋಲ್ ಕದೀತಿದಾರೆ ಭಾವ” ಎಂದೆ. ನನಗೆ ಕಳ್ಳನನ್ನು ಹಿಡಿದಷ್ಟೇ ಖುಷಿ.

“ಕದ್ದ ಪೆಟ್ರೋಲ್ ಇದೇ ಪ್ಲಗ್‌ನಲ್ಲಿ ಉರಿಯೋದು ಹ್ಯಾಗಮ್ಮ? ಕಾರೇ ಕುಡಿದಿದೆ. ಓಡದೇ ಕುಡಿದಿದೆ” ಎಂದು ಗುಮಾಸ್ತರ ಕಡೆ ತಿರುಗಿದರು. “ಸಾರ್, ಇವತ್ತೊಂದು ದಿನ ಗಾಡಿ ಇಲ್ಲೇ ಬಿಟ್ಟು ಹೋಗಿ.”

“ಆಗಲ್ಲ. ಸಾಯಂಕಾಲಕ್ಕೆ ಬೇಕೇ ಬೇಕು.”

“ಎಲ್ಲಿಗಾದ್ರೂ ಹೋಗ್ಬೇಕಾ?”

ಗುಮಾಸ್ತರು ಕರವಸ್ತ್ರದಿಂದ ಕತ್ತು ಒರೆಸಿಕೊಂಡರು. “ಎಲ್ಲಿಗೂ ಇಲ್ಲ” ಎಂದು ಕೀ ಇಸಿದುಕೊಂಡು ಹೊರಟೇಬಿಟ್ಟರು.

ಎಲ್ಲಿಗೂ ಹೋಗದವರಿಗೆ ಸಾಯಂಕಾಲ ಕಾರು ಬೇಕು ಎಂದರೆ ಭಾವನಿಗೆ ಊಟ ಸೇರುತ್ತದೆಯೇ? ಪ್ರಯಾಣಿಕರ ಕಡೆಯ ಕಾಲುಚಾಪೆ ಹರಿಯುವಷ್ಟು ಸವೆದಿದೆ, ಡ್ರೈವರ್ ಕಡೆಯದು ಹೊಸದರ ಹಾಗಿದೆ, ಯಾಕೆ? ಪಕ್ಕದ ಸೀಟಿನ ಬೆನ್ನಿಗೆ ಪುಟ್ಟ ದಿಂಬು ಯಾಕೆ? ಮಧ್ಯಾಹ್ನವೆಲ್ಲ ನನ್ನ ತಲೆ ತಿಂದರು. ಐದೂವರೆಗೆ ಕೈ ತೊಳೆದು, “ಅವರ ಮನೆ ಕಡೆ ಹಂಗೇ ಒಂದು ಸುತ್ತು ಹೋಗಿ ಬರ್ತೀನಿ” ಎಂದರು. ಪರರ ಮನೆಯ ವಿಷಯಕ್ಕೆ ಮೂಗು ತೂರಿಸಬೇಡಿ ಭಾವ ಎಂದು ಬುದ್ಧಿ ಹೇಳಿ, ಚಪ್ಪಲಿ ಮೆಟ್ಟಿಕೊಂಡು ನಾನೂ ಹೊರಟೆ.

ಕಾರು ಅವರ ಮನೆಯ ಗೇಟಿನ ಎದುರಿಗೇ ನಿಂತಿತ್ತು. ಎಂಜಿನ್ ಗುರುಗುಟ್ಟುತ್ತಿತ್ತು. ಕಾರಿನ ಹಿಂದಿನ ಕಾಂಪೌಂಡು ಗೋಡೆಯ ಮೇಲೆ, ಸೈಲೆನ್ಸರ್ ಎತ್ತರಕ್ಕೆ, ಕೊಡೆಯಗಲದ ಕಪ್ಪು ಕಲೆ. ಗುಮಾಸ್ತರು ಸ್ಟೇರಿಂಗ್ ಹಿಡಿದು ನೇರ ಮುಂದೆ ನೋಡುತ್ತಿದ್ದರು. ಪಕ್ಕದಲ್ಲಿ ಬಿಳಿ ಕೂದಲಿನ ಒಬ್ಬ ಹೆಂಗಸು, ಹೆಗಲಿಗೆ ಶಾಲು, ತೊಡೆಯ ಮೇಲೆ ಕೈಚೀಲ.

“ಮನೆ ಬಂತೇನೋ?”

“ಇನ್ನೇನು ಬಂತಮ್ಮ. ಇನ್ನೊಂದೇ ತಿರುವು.”

ನಮ್ಮನ್ನು ಕಂಡು ಗುಮಾಸ್ತರು ಕಳ್ಳತನದಲ್ಲಿ ಸಿಕ್ಕಿಬಿದ್ದವರಂತೆ ಇಳಿದು ಬಂದರು. ಭಾವ ಮೊದಲು ಮಾಡಿದ ಕೆಲಸ, ವಿಷದ ಹೊಗೆ ಒಳಗೆ ತುಂಬದಂತೆ ಕಾರಿನ ನಾಲ್ಕೂ ಕಿಟಕಿ ಇಳಿಸಿದ್ದು. ಆಮೇಲೆ ಗುಮಾಸ್ತರು ಹೇಳಿದರು, ತಲೆ ತಗ್ಗಿಸಿಕೊಂಡು. ಅಮ್ಮನಿಗೆ ಮರೆವು. ಮೂವತ್ತು ವರ್ಷದಿಂದ ಇರುವ ಮನೆ ಸಾಯಂಕಾಲವಾದರೆ ಪರರ ಮನೆಯಂತೆ ಕಾಣುತ್ತದೆ. ಮನೆಗೆ ಹೋಗಬೇಕು ಎಂದು ಬಾಗಿಲು ಬಡಿಯುತ್ತಾರೆ. ಎರಡು ಸಲ ರಸ್ತೆಗೇ ನಡೆದುಬಿಟ್ಟಿದ್ದರು. ಕಾರಿನಲ್ಲಿ ಕೂರಿಸಿ ಎಂಜಿನ್ ಹಾಕಿದರೆ ಮಾತ್ರ ಸಮಾಧಾನ. ಒಂದು ಗಂಟೆ, ಒಂದೂವರೆ ಗಂಟೆ, ಕೂತಲ್ಲೇ ಜೊಂಪು ಹತ್ತುವ ತನಕ.

“ಓಡಿಸಬಾರದೇ?” ಎಂದೆ ನಾನು.

“ಓಡಿಸ್ತಿದ್ದೆ. ಒಂದಿನ ಹೋಗ್ತಾ ಹೋಗ್ತಾ ಬಾಗಿಲು ತೆಗೆದುಬಿಟ್ರು. ಅವತ್ತು ಹಿಡಿದ ನಡುಕ ಇನ್ನೂ ಬಿಟ್ಟಿಲ್ಲ. ಈಗ ಈ ಕಾರೂ ಹೋದ್ರೆ ಸಾಯಂಕಾಲ ಇವರನ್ನ ಹ್ಯಾಗೆ ಹಿಡಿದಿಡ್ಲಿ ಹೇಳಿ?”

ಗುಜರಿಗೆ ಹಾಕಿ ಎಂದು ಅವತ್ತು ಸಲೀಸಾಗಿ ಹೇಳಿದ್ದೆನಲ್ಲ, ನನ್ನ ನಾಲಿಗೆಗಿಷ್ಟು ಬೆಂಕಿ ಬೀಳ ಎನ್ನಿಸಿತು. ನನಗೆ ಅಳು ಬಂತು. ಅದನ್ನು ಮುಚ್ಚಿಡಲು ಕಪ್ಪಾದ ಗೋಡೆಯನ್ನೇ ನೋಡುತ್ತಾ ನಿಂತೆ.

ಭಾವನಿಗೆ ಕಾರಣ ಸಿಕ್ಕಿತ್ತು. ದಿನಾ ನಿಂತಲ್ಲೇ ತಣ್ಣಗೆ ಉರಿದರೆ ಪೆಟ್ರೋಲ್ ಪೂರ್ತಿ ಸುಡುವುದಿಲ್ಲ. ಮಸಿ ಪ್ಲಗ್ಗಿಗೆ, ಉಳಿದದ್ದು ಆಯಿಲ್‌ಗೆ. ಹೊಗೆಯನ್ನು ತೊಳೆಯುವ ಡಬ್ಬಿ ಸೈಲೆನ್ಸರ್ ಪೈಪಿನಲ್ಲಿದೆ, ಅದು ಚೆನ್ನಾಗಿ ಕಾಯದೆ ಕೆಲಸವನ್ನೇ ಶುರುಮಾಡುವುದಿಲ್ಲ. “ಗಾಡಿಗೆ ರೋಗ ಇಲ್ಲ ಸಾರ್. ಅದಕ್ಕೂ ಮನೆ ಬಿಟ್ಟು ಹೊರಗೆ ಹೋಗ್ಬೇಕು, ಅಷ್ಟೇ” ಎಂದರು. ಹಾಗೆನ್ನುತ್ತಲೇ ಹಿಂದಿನ ಬಾಗಿಲು ತೆಗೆದು, ಅದರ ಅಂಚಿನಲ್ಲಿದ್ದ ಉಗುರಿನಷ್ಟು ಗುಂಡಿಯನ್ನು ಕೆಳಗೆ ಒತ್ತಿದರು. ಬಾಗಿಲು ಹಾಕಿ ಒಳಗಿನಿಂದ ಎಳೆದು ತೋರಿಸಿದರು. ಜಪ್ಪಯ್ಯ ಅಂದರೂ ತೆಗೆಯಲಿಲ್ಲ. “ಮಕ್ಕಳಿಗೋಸ್ಕರ ಇಟ್ಟಿರೋ ಲಾಕು. ಮುಂದಿನ ಬಾಗಿಲಿಗೆ ಇರಲ್ಲ. ಅಮ್ಮನ್ನ ಹಿಂದೆ ಕೂರಿಸಿ.”

ಹನ್ನೊಂದು ವರ್ಷದಿಂದ ಆ ಕಾರು ಇಟ್ಟುಕೊಂಡವರು ಆ ಗುಂಡಿಯನ್ನು ಕಂಡಿರಲೇ ಇಲ್ಲ. ಮನೆಯಲ್ಲಿ ಮಕ್ಕಳಿದ್ದರಲ್ಲವೇ ಕಾಣುವುದು?

ಮರುದಿನ ಆಯಿಲ್ ಬಸಿದು ಹೊಸದು ತುಂಬಿದ್ದಾಯಿತು, ಪ್ಲಗ್ ಹಾಕಿದ್ದಾಯಿತು. ನಾಲ್ಕು ಗಂಟೆಗೆ ಎಲ್ಲರೂ ಹೊರಟೆವು. ಗುಮಾಸ್ತರು ಸ್ಟೇರಿಂಗ್‌ನಲ್ಲಿ, ಭಾವ ಪಕ್ಕದಲ್ಲಿ, ಹಿಂದೆ ಅಮ್ಮನ ಜೊತೆ ನಾನು. ಪರೀಕ್ಷೆಗೆ ಮುಂಚೆ ಊರ ಹೊರಗಿನ ದೊಡ್ಡ ರಸ್ತೆಯಲ್ಲಿ ಅರ್ಧ ಗಂಟೆ. “ಮೂರನೇ ಗೇರಲ್ಲೇ ಇರಿ. ಕೂಗಾಡ್ಲಿ ಬಿಡಿ ಎಂಜಿನ್ನು” ಎಂದು ಭಾವ ಹುರಿದುಂಬಿಸುತ್ತಿದ್ದರು. ಮೊದಮೊದಲು ಹಿಂದೆ ಕಪ್ಪು ಹೊಗೆ, ಆಮೇಲೆ ಬೂದು, ಆಮೇಲೆ ಏನೂ ಇಲ್ಲ. ಅಮ್ಮ ಎರಡು ಸಲ ಹಿಡಿಕೆ ಎಳೆದರು. ತೆಗೆಯಲಿಲ್ಲ. ಗುಮಾಸ್ತರು ಕನ್ನಡಿಯಲ್ಲಿ ಅದನ್ನು ನೋಡಿದರು, ಅವರ ಹೆಗಲು ಸ್ವಲ್ಪ ಇಳಿಯಿತು. ಅಮ್ಮ ನನ್ನ ಕೈ ಹಿಡಿದುಕೊಂಡು ಮರ, ಅಂಗಡಿ, ಸೇತುವೆ ಎಲ್ಲವನ್ನೂ ನೋಡಿದರು. ಮನೆ ಬಂತೇ ಎಂದು ಒಂದು ಸಲವೂ ಕೇಳಲಿಲ್ಲ.

ಕೇಂದ್ರದಲ್ಲಿ ಎಂಜಿನ್ ಆರಿಸಲು ಭಾವ ಬಿಡಲಿಲ್ಲ. ಅಲ್ಲಿಯವರು ಬಿಸಿಬಿಸಿಯಾಗಿಯೇ ಪೈಪಿಗೆ ಕೊಳವೆ ತೂರಿಸಿದರು. ಗುಮಾಸ್ತರು ಗೋಡೆ ಕಡೆ ತಿರುಗಿ ನಿಂತಿದ್ದರು. ಚೀಟಿ ಹೊರಬಂದಾಗ ಓದಿದವಳು ನಾನೇ. ಹೊಗೆ ಮಿತಿಯ ಅರ್ಧದಷ್ಟೂ ಇರಲಿಲ್ಲ. ಪಾಸು!

ವಾಪಸು ಬರುವಾಗ ಹೊತ್ತು ಇಳಿದಿತ್ತು. ಅಮ್ಮ ದಿನಾ ಬಾಗಿಲು ಬಡಿಯುವ ಹೊತ್ತು. ಕಾರು ಗೇಟಿನ ಮುಂದೆ ನಿಂತಿತು, ಎಂಜಿನ್ ಆರಿತು. ಗುಮಾಸ್ತರು ಅಲ್ಲಾಡದೆ ಕೂತರು. ಅಮ್ಮ ಕಿಟಕಿಯಿಂದ ಗೇಟು ನೋಡಿದರು, ಬಾಗಿಲ ಮೇಲಿನ ದೀಪ ನೋಡಿದರು. ಇದ್ದಕ್ಕಿದ್ದಂತೆ ಗಾಜಿಗೆ ತಟ್ಟತೊಡಗಿದರು.

“ಬಾಗಿಲು ತೆಗಿಯೋ! ಮನೆ ಬಂತು!”

ಗುಮಾಸ್ತರು ಓಡಿಬಂದು ಹೊರಗಿನಿಂದ ತೆಗೆದರು. ಅಮ್ಮ ಇಳಿದು, ಕೈಚೀಲ ಕಂಕುಳಿಗೆ ಸೇರಿಸಿ, ಗೇಟಿನ ಚಿಲಕ ತಾವೇ ಸರಿಸಿ ಒಳಗೆ ನಡೆದರು. ಗುಮಾಸ್ತರು ತೆರೆದ ಬಾಗಿಲು ಹಿಡಿದುಕೊಂಡೇ ನಿಂತಿದ್ದರು.

“ದಿನಾ ಇಲ್ಲೇ ಕೂತು ಇದೇ ಗೇಟು ನೋಡ್ತಿದ್ರಲ್ಲ. ಇವತ್ತು ಮಾತ್ರ ಯಾಕೆ?” ಎಂದರು.

ಜೀವಮಾನವೆಲ್ಲ ತಾವು ಕೇಳಿದ ಪ್ರಶ್ನೆಯನ್ನು ಇನ್ನೊಬ್ಬರ ಬಾಯಲ್ಲಿ ಕೇಳಿ ನಮ್ಮ ಯಾಕಪ್ಪ ಇಳಿದು ಬಂದು ಬಿಸಿ ಬಾನೆಟ್ ಮೇಲೆ ಕೈಯಿಟ್ಟರು. “ಇವತ್ತು ಮನೆ ಬಿಟ್ಟು ಹೊರಟಿದ್ರಲ್ಲ ಸಾರ್” ಎಂದರು.

ಅಷ್ಟರಲ್ಲಿ ಒಳಗಿನಿಂದ ಅಮ್ಮನ ದನಿ ಕೇಳಿಸಿತು. “ಅವರನ್ನೂ ಒಳಗೆ ಕರಿಯೋ. ಪಾಪ, ಎಷ್ಟು ದೂರದಿಂದ ಜೊತೆಗೆ ಬಂದಿದಾರೆ!”