ಲಾಕಿನೊಳಗೆ ಮೂರನೇ ವಿಷಲ್

2015ರ ಈಸ್ಟರ್ ರಜೆಯಲ್ಲಿ ನಾವಿಬ್ಬರೂ ಪರ್ತ್‌ನಿಂದ ಅಡಿಲೇಡ್‌ಗೆ ಹೋಗಿ, ಅಲ್ಲಿಂದ ಎರಡು ಗಂಟೆ ಕಾರಿನಲ್ಲಿ ಸಾಗಿ, ಮರ್ರೆ ನದಿಯಲ್ಲಿ ನಾಲ್ಕು ದಿನಕ್ಕೆ ಒಂದು ದೋಣಿಮನೆ ಬಾಡಿಗೆಗೆ ಹಿಡಿದೆವು. ಕಾರಿನ ಲೈಸೆನ್ಸ್ ಇದ್ದರೆ ಸಾಕು, ದೋಣಿ ಕೊಡುತ್ತಾರೆ. ಅದರ ವೇಗ ಸೈಕಲ್ಲಿಗಿಂತ ಕಡಿಮೆ. ಎರಡು ದಿನ ಕೆಂಪು ಬಂಡೆಗಳನ್ನೂ ಪೆಲಿಕನ್‌ಗಳನ್ನೂ ನೋಡುತ್ತ ಕೂತೆವು.

ನನ್ನ ಹೆಂಡತಿ ಡಾಕ್ಟರ್. ಬ್ರಿಸ್ಬೇನ್‌ನ ಆಸ್ಪತ್ರೆಯೊಂದು ಅವಳಿಗೆ ಕಾಯಂ ಹುದ್ದೆ ಕೊಡುವುದಾಗಿ ಬರೆದಿತ್ತು. ರಜೆ ಮುಗಿಯುವುದರೊಳಗೆ ಉತ್ತರ ಹೇಳಬೇಕಿತ್ತು. ಅವಳ ಕೆಲಸಕ್ಕಾಗಿ ಆಗಲೇ ಎರಡು ಸಲ ಊರು ಬದಲಿಸಿದ್ದೆವು. ಮೈಸೂರಿನ ಪತ್ರಿಕೆಯಲ್ಲಿ ಸುದ್ದಿ ತಿದ್ದುತ್ತಿದ್ದ ನಾನು ಈಗ ಪರ್ತ್‌ನ ಮೋರ್ಲಿ ಬಡಾವಣೆಯಲ್ಲಿ ಶೂ ಮಾರುತ್ತಿದ್ದೆ. ಶನಿವಾರ ಬೆಳಿಗ್ಗೆ ಮಾತ್ರ ಸಮುದಾಯ ರೇಡಿಯೋದಲ್ಲಿ ಅರ್ಧ ಗಂಟೆ ಕನ್ನಡ ವಾರ್ತೆ ಓದುತ್ತಿದ್ದೆ. ಸಂಬಳವಿಲ್ಲ. ಕೇಳಿದವರಿಗೆಲ್ಲ "ಟೈಂಪಾಸ್" ಎನ್ನುತ್ತಿದ್ದೆ. ಅವಳಿಗೂ ಹಾಗೇ ಹೇಳಿದ್ದೆ. ವಾರದ ಉಳಿದ ದಿನಗಳನ್ನು ಆ ಅರ್ಧ ಗಂಟೆಗಾಗಿ ಕಳೆಯುತ್ತಿದ್ದೆ ಎಂದು ಹೇಳಿರಲಿಲ್ಲ.

"ಬ್ರಿಸ್ಬೇನ್ ವಿಷಯ ಏನಂತೀರಿ?" ಎಂದು ಎರಡನೇ ದಿನ ಕೇಳಿದಳು.

"ನಿನ್ನಿಷ್ಟ ಕಣೇ. ನಂಗೇನೂ ತೊಂದ್ರೆ ಇಲ್ಲ."

"ಫ್ರಿಜ್ ತಗೊಳ್ಳೋವಾಗ್ಲೂ ಇದನ್ನೇ ಹೇಳಿದ್ರಿ."

ಮೂರನೇ ದಿನ ಲಾಕ್ ಬಂತು. ನದಿಗೆ ಅಡ್ಡಕಟ್ಟೆ ಇರುವಲ್ಲಿ ದೋಣಿಗಳನ್ನು ಇಳಿಸಲು ಎರಡು ಬಾಗಿಲುಗಳ ನಡುವೆ ಕಟ್ಟಿದ ಕಾಂಕ್ರೀಟ್ ತೊಟ್ಟಿ ಅದು. ಬಾಗಿಲು ಮುಚ್ಚಿ ನೀರು ಹೊರಬಿಡುತ್ತಾರೆ, ನೀರಿನ ಜೊತೆ ದೋಣಿ ಇಳಿಯುತ್ತದೆ. ಗೋಡೆಯ ಮೇಲಿನ ಗೂಟಕ್ಕೆ ಹಗ್ಗ ಬಳಸಿ, ತುದಿಯನ್ನು ಕೈಯಲ್ಲಿ ಹಿಡಿದು, ಇಳಿದಷ್ಟೂ ಸಡಿಲ ಬಿಡುತ್ತ ಹೋಗಬೇಕು. ಕಟ್ಟಬಾರದು. ಲಾಕ್ ನೋಡಿಕೊಳ್ಳುವಾತ ಮೇಲಿನಿಂದ ಇದನ್ನು ಎರಡು ಸಲ ಹೇಳಿದ.

ಲಾಕಿನ ಹಸಿರು ದೀಪಕ್ಕೆ ಕಾಯುವಾಗ ನಾನು ಕುಕ್ಕರಿನಲ್ಲಿ ಬೇಳೆ ಇಟ್ಟಿದ್ದೆ. ನೀರು ಇಳಿಯತೊಡಗಿದಾಗ ಮೊದಲ ವಿಷಲ್ ಕೂಗಿತು, ಆಮೇಲೆ ಎರಡನೆಯದು. ಹಗ್ಗ ನನ್ನ ಕೈಯಲ್ಲಿತ್ತು, ಅವಳು ಚುಕ್ಕಾಣಿ ಬಿಡುವಂತಿರಲಿಲ್ಲ. ನಮ್ಮ ಮನೆಯಲ್ಲಿ ಮೂರಕ್ಕೆ ಒಲೆ ಆರಿಸುವುದು ನನ್ನ ಕೆಲಸ. ಮೂರನೆಯದು ಕೂಗಿದ್ದೇ ಹಗ್ಗವನ್ನು ದೋಣಿಯ ಕಂಬಿಗೆ ಗಂಟು ಹಾಕಿ ಒಳಗೆ ಓಡಿದೆ.

ಒಲೆ ಆರಿಸುವಷ್ಟರಲ್ಲಿ ತಟ್ಟೆಗಳು ಜಾರಿ ಬಂದವು. ಹೊರಗೆ ಬಂದು ನೋಡಿದರೆ ದೋಣಿಯ ಮುಂಭಾಗ ಹಗ್ಗಕ್ಕೆ ನೇತುಬಿದ್ದಿತ್ತು. ಗಂಟು ಕಲ್ಲಾಗಿತ್ತು. ಲಾಕಿನವನು ನೀರು ಬಿಡುವುದನ್ನು ನಿಲ್ಲಿಸಿ, ಮತ್ತೆ ಸ್ವಲ್ಪ ಒಳಗೆ ಬಿಟ್ಟ. ದೋಣಿ ಮೇಲೆದ್ದ ಮೇಲೆ ಗಂಟು ಬಿಚ್ಚಿದೆ.

"ಒಳಗೆ ಕೂಗಿದ್ದೇನು?" ಎಂದ.

"ಬೇಳೆ," ಎಂದಳು ನನ್ನ ಹೆಂಡತಿ.

ಅವನು ಅದನ್ನು ಸ್ವಲ್ಪ ಹೊತ್ತು ಯೋಚಿಸಿದ. "ಹಿಡಿಯೋಕಾಗದಿದ್ದರೆ ನನಗೆ ಕೂಗಿ ಹೇಳು, ಮೇಟ್. ನೀರು ನಿಲ್ಲಿಸೋದು ಕಷ್ಟವಲ್ಲ."

ಆ ಸಂಜೆ ದಡದ ಮರಕ್ಕೆ ದೋಣಿ ಕಟ್ಟಿ ಊಟಕ್ಕೆ ಕೂತೆವು. ಬೇಳೆ ಹದವಾಗಿ ಬೆಂದಿತ್ತು.

"ಕೂಗಬಾರದಿತ್ತಾ ರೀ?" ಎಂದಳು.

"ನನ್ನೊಬ್ಬನಿಂದ ಎಲ್ಲಾ ಯಾಕೆ ನಿಲ್ಲಬೇಕು ಅಂತ."

ಅವಳು ತುತ್ತನ್ನು ತಟ್ಟೆಯಲ್ಲೇ ಬಿಟ್ಟಳು. "ಬ್ರಿಸ್ಬೇನ್‌ಗೂ ಇದೇನಾ?"

"ನಂಗೆ ಹೋಗೋಕೆ ಇಷ್ಟ ಇಲ್ಲ," ಎಂದೆ. "ಶನಿವಾರದ ವಾರ್ತೆ ಬಿಡೋಕಾಗಲ್ಲ."

"ಟೈಂಪಾಸ್ ಅಂದಿದ್ರಲ್ಲ?"

"ಸುಳ್ಳು ಹೇಳಿದ್ದೆ."

ಅವಳು ತಟ್ಟೆ ಪಕ್ಕಕ್ಕೆ ಸರಿಸಿದಳು. "ನಂಗೆ ಆ ಕೆಲಸ ಬೇಕು ಕಣ್ರೀ. ಅದನ್ನೂ ನಾನು ಸರಿಯಾಗಿ ಹೇಳಿರಲಿಲ್ಲ."

ಕೆಲಸಕ್ಕೆ ಸೇರಲು ಒಂದು ವರ್ಷದ ಕಾಲಾವಕಾಶ ಕೇಳಿ ಅವಳು ಬರೆದಳು. ಆಸ್ಪತ್ರೆ ಕಾಯಲಿಲ್ಲ, ಬೇರೆಯವರನ್ನು ತೆಗೆದುಕೊಂಡಿತು. ಅವಳು ಹಲವು ದಿನ ಬೇಸರದಲ್ಲಿದ್ದಳು, ಅದನ್ನು ಮುಚ್ಚಿಡಲಿಲ್ಲ. ಸಮಾಧಾನ ಹೇಳುವ ಹಕ್ಕು ನನಗಿದೆ ಎಂದು ಅನ್ನಿಸಲಿಲ್ಲ.

ಆ ತಿಂಗಳ ಕೊನೆಯ ಶನಿವಾರ ನಾನು ವಾರ್ತೆ ಓದಿ ಪರ್ತ್‌ನ ಸದರ್ನ್ ರಿವರ್ ಬಡಾವಣೆಯ ನಮ್ಮ ಮನೆಗೆ ಬಂದಾಗ ಅಡುಗೆಮನೆಯಲ್ಲಿ ರೇಡಿಯೋ ಇನ್ನೂ ಆನ್ ಆಗಿತ್ತು. ಅವಳು ಅಲ್ಲಿಯವರೆಗೆ ಒಮ್ಮೆಯೂ ಪೂರ್ತಿ ಕೇಳಿರಲಿಲ್ಲ.

"ಎರಡನೇ ಸುದ್ದಿ ಸ್ವಲ್ಪ ಎಳೀತು," ಎಂದಳು, ತಿರುಗಿ ನೋಡದೆ.

ಹೌದು, ಎಳೆದಿತ್ತು.